ಮುಕ್ಕಾದ ಕಾಸು

ತೂಕದಣ್ಣ ಹೋದ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಅರವತ್ತೈದು ವರ್ಷ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಹಿಂದಿನ ದಿನವಷ್ಟೇ ನಾವಿಬ್ಬರೂ ಮೂರು ಮಹಡಿ ಮೆಟ್ಟಿಲು ಹತ್ತಿ ಇಳಿದಿದ್ದೆವು. ಏದುಸಿರು ಬಿಟ್ಟವನು ನಾನು, ಅವನಲ್ಲ.

ಅವನ ಬಗ್ಗೆ ಬರೆಯಬೇಕೆಂದು ಕೂತರೆ ದುಃಖಕ್ಕಿಂತ ಮೊದಲು ಕಳೆದ ನಾಲ್ಕು ತಿಂಗಳ ಅವನ ಹುರುಪೇ ನುಗ್ಗಿ ಬರುತ್ತದೆ. ಅಷ್ಟು ಖುಷಿಯಲ್ಲಿದ್ದವನನ್ನು ನಾನು ಬೇರೆ ನೋಡಿಲ್ಲ. ಹಾಗಾಗಿ ಅದನ್ನೇ ಬರೆಯುತ್ತೇನೆ. ಅಳುವುದಕ್ಕೆ ಇನ್ನೂ ದಿನಗಳಿವೆ.

ಕಾಸು ಹಾಕಿದರೆ ತೂಕ ಹೇಳುವ ಯಂತ್ರಗಳು ಒಂದು ಕಾಲಕ್ಕೆ ಎಲ್ಲ ಕಡೆಯೂ ಇದ್ದವು. ರೈಲು ನಿಲ್ದಾಣದಲ್ಲಿ, ಸಿನಿಮಾ ಮಂದಿರದ ಮೆಟ್ಟಿಲ ಕೆಳಗೆ, ಆಸ್ಪತ್ರೆಯ ಓಣಿಯಲ್ಲಿ ಆಳೆತ್ತರದ ಕೆಂಪು ಪೆಟ್ಟಿಗೆ ನಿಂತಿರುತ್ತಿತ್ತು. ಹತ್ತಿ ನಿಂತು ಕಾಸು ಹಾಕಿದರೆ ಒಳಗೆ ಚಕ್ರ ತಿರುಗಿ, ತೂಕ ಅಚ್ಚಾದ ಒಂದು ಚೀಟಿ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ನಮ್ಮೂರಿನಲ್ಲಿ ಅಂಥ ಅರವತ್ತೆರಡು ಯಂತ್ರ ಇಟ್ಟಿದ್ದ ಕಂಪನಿಯೊಂದರಲ್ಲಿ ಅವನು ಮೆಕ್ಯಾನಿಕ್. ಅವನ ಹೆಸರು ಕರೆದವರನ್ನು ನಾನು ಕಂಡದ್ದು ಬ್ಯಾಂಕಿನಲ್ಲಿ ಮಾತ್ರ. ಉಳಿದವರಿಗೆಲ್ಲ ಅವನು ತೂಕದಣ್ಣ. ಅವನಿಗಿಂತ ಹತ್ತು ವರ್ಷ ದೊಡ್ಡವರೂ ಅಣ್ಣ ಎಂದೇ ಕರೆಯುತ್ತಿದ್ದರು.

ಆ ಯಂತ್ರ ಕೆಡುವುದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ. ಕಾಸು ಜಾರುವ ದಾರಿಯಲ್ಲಿ ಏನೋ ಸಿಕ್ಕಿಕೊಂಡಿರುತ್ತಿತ್ತು. ಬಗ್ಗಿದ ಕಾಸು, ತೂತಾದ ಕಾಸು, ಜಜ್ಜಿದ ಕಾಸು, ಒಮ್ಮೊಮ್ಮೆ ಅಂಗಿಯ ಗುಂಡಿ. ಬೇರೆ ಮೆಕ್ಯಾನಿಕ್‌ಗಳು ಇಕ್ಕಳದಲ್ಲಿ ಎಳೆದು ಬಿಸಾಡುತ್ತಿದ್ದರು. ಇವನು ತನ್ನ ಜೇಬಿನಿಂದ ಅದೇ ಬೆಲೆಯ ಒಳ್ಳೆಯ ಕಾಸನ್ನು ಕಂಪನಿಯ ಡಬ್ಬಿಗೆ ಹಾಕಿ, ಕೆಟ್ಟದ್ದನ್ನು ಮನೆಗೆ ತರುತ್ತಿದ್ದ. ಕಂಪನಿಗೆ ನಷ್ಟವಿಲ್ಲ, ಅವನಿಗೆ ಲಾಭವಿಲ್ಲ.

ಹೀಗೆ ಬಂದವು ಸಾವಿರದ ನೂರಕ್ಕೂ ಮೇಲೆ. ಪ್ರತಿಯೊಂದಕ್ಕೂ ಒಂದು ಪುಟ್ಟ ಲಕೋಟೆ. ಆ ಲಕೋಟೆಗಳಿಂದಲೇ ನನಗೂ ಅವನಿಗೂ ಸ್ನೇಹವಾಯಿತು. ನಾನು ಸಾರ್ವಜನಿಕ ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿದ್ದವನು. ಪುಸ್ತಕದ ಅಂಚು ಕತ್ತರಿಸಿದ ಮೇಲೆ ಉಳಿಯುವ ಕಾಗದದ ಪಟ್ಟಿಗಳನ್ನು ಕೇಳಿಕೊಂಡು ಬಂದ. ಯಾಕೆ ಎಂದು ಕೇಳಿದ್ದಕ್ಕೆ ಮೂರು ಲಕೋಟೆ ತೆಗೆದು ತೋರಿಸಿದ. ಲಕೋಟೆಯ ಮೇಲೆ ನಾಣ್ಯದ ಹೆಸರಿಲ್ಲ, ಬೆಲೆಯಿಲ್ಲ. ಅದಕ್ಕೆ ಏನಾಗಿದೆ ಅನ್ನುವುದು ಮಾತ್ರ ಇತ್ತು. ಒಂದರ ಮೇಲೆ: "ರೈಲು ಹಳಿ. ಮಕ್ಕಳ ಆಟ." ಇನ್ನೊಂದರ ಮೇಲೆ: "ತೂತು ಓರೆಯಾಗಿದೆ. ಕೊರೆದವರಿಗೆ ಎಡಗೈ ಅಭ್ಯಾಸ." ಮೂರನೆಯದನ್ನು ನಾನು ಇವತ್ತಿಗೂ ಮರೆತಿಲ್ಲ: "ಒಂದೇ ಮುಖ ಸವೆದಿದೆ. ಜೇಬಿನಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿದ್ದು. ಏನೋ ಚಿಂತೆ ಇತ್ತು." ಆವತ್ತಿನಿಂದ ಕಾಗದದ ಪಟ್ಟಿಗಳನ್ನು ಅವನಿಗೆಂದೇ ಎತ್ತಿಡತೊಡಗಿದೆ.

ಕಂಪನಿ ಮುಚ್ಚಿದಾಗ ಆಸ್ಪತ್ರೆಯ ಓಣಿಯಲ್ಲಿದ್ದ ಯಂತ್ರವನ್ನು ಗುಜರಿ ಬೆಲೆಗೆ ಕೊಂಡು ಮನೆಯ ಮುಂದಿನ ಕೋಣೆಯಲ್ಲಿ ನಿಲ್ಲಿಸಿದ. ಬಂದವರನ್ನು ಕೂರಿಸುವ ಮೊದಲು ತೂಗುತ್ತಿದ್ದ. ಅವನ ಹೆಂಡತಿ, ನಾನು ಅತ್ತಿಗೆ ಎನ್ನುತ್ತೇನೆ, ಅದರ ಪಕ್ಕದಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡವರು. ಮದುವೆಯಾದ ಹೊಸತರಲ್ಲಿ ಗಂಡ ತನಗೆ ಕೊಟ್ಟ ಮೊದಲ ಕಾಗದ ತೂಕದ ಚೀಟಿ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಸಾವಿರದ ನೂರು ಲಕೋಟೆಗಳಲ್ಲಿ ಒಂದರ ಮೇಲೆ ಮಾತ್ರ ಏನೂ ಬರೆದಿರಲಿಲ್ಲ.

ಆ ಕಾಸಿನ ಕತೆ ನನಗೆ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆ. ಅವನಿಗೆ ಆಗ ಇಪ್ಪತ್ತನಾಲ್ಕು. ಆಸ್ಪತ್ರೆಯ ಯಂತ್ರ ಒಂದೇ ವಾರದಲ್ಲಿ ಎರಡು ಸಲ ನಿಂತಿತು. ಎರಡನೆಯ ಸಲ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಒಂದು ಅತಿ ಚಿಕ್ಕ ಬೆಲೆಯ ಕಾಸು. ಅದರ ಅಂಚಿನಲ್ಲಿ ಯಾರೋ ಕಚ್ಚಿ ತಿಂದಂತೆ ಅರ್ಧಚಂದ್ರಾಕಾರದ ಮುಕ್ಕು. ಅವನು ಅದನ್ನು ಕಂಪನಿಯ ಸೂಪರ್‌ವೈಸರಿಗೆ ತೋರಿಸಿದ. ಆತ ಭೂತಗನ್ನಡಿ ಹಿಡಿದು ನೋಡಿ, ಮುಕ್ಕಿನ ಅಂಚಿನಲ್ಲಿ ಅರ ಹಾಕಿ ಉಜ್ಜಿದ ಹೊಸ ಗೆರೆಗಳನ್ನು ಕಂಡ. ಯಂತ್ರ ನಿಂತಾಗಲೆಲ್ಲ ಮೆಕ್ಯಾನಿಕ್‌ಗೆ ಓಡಾಟದ ಭತ್ಯೆ ಸಿಗುತ್ತಿತ್ತು. ಭತ್ಯೆಯ ಆಸೆಗೆ ಕಾಸನ್ನು ಮುಕ್ಕು ಮಾಡಿ ಇವನೇ ತುರುಕಿದ್ದಾನೆ ಎಂದು ಆತ ತೀರ್ಮಾನಿಸಿದ. ಕೆಲಸದಿಂದ ತೆಗೆಯಲಿಲ್ಲ. ಕಾಸನ್ನು ಇವನ ಕಡೆಗೇ ಎಸೆದು, ಅಂದಿನಿಂದ ಒಂದು ನಿಯಮ ಮಾಡಿದ. ದಿನಾ ಸಂಜೆ ಐದೂವರೆಗೆ ಗೇಟಿನ ಮೇಜಿನ ಮೇಲೆ ಇವನ ಚೀಲವನ್ನು ಸುರಿದು ನೋಡಬೇಕು. ಇವನೊಬ್ಬನದೇ. ಜೊತೆಯವರು ಪಕ್ಕದಲ್ಲೇ ಮನೆಗೆ ಹೋಗುತ್ತಿರುವಾಗ ಇವನು ಸುರಿದ ಸಾಮಾನನ್ನು ಒಂದೊಂದಾಗಿ ಆರಿಸಿ ಮತ್ತೆ ತುಂಬಿಕೊಳ್ಳಬೇಕಿತ್ತು. ಕಂಪನಿ ಮುಚ್ಚುವವರೆಗೆ, ಹತ್ತೊಂಬತ್ತು ವರ್ಷ ಅದು ನಡೆಯಿತು.

ಆಮೇಲೆ ಅವನು ಅಂಗಡಿಗಳ ತಕ್ಕಡಿ ರಿಪೇರಿ ಮಾಡಿಕೊಂಡು ಮರ್ಯಾದೆಯಾಗಿ ಬದುಕಿದ. ಸೂಪರ್‌ವೈಸರೂ ಇದೇ ಊರಿನಲ್ಲಿದ್ದ. ಎದುರಾದರೆ ಇಬ್ಬರಲ್ಲಿ ಒಬ್ಬರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ಕಳೆದ ನಾಲ್ಕು ತಿಂಗಳ ಗಡಿಬಿಡಿ ಶುರುವಾದದ್ದು ನನ್ನ ಬೈಂಡಿಂಗ್ ಕೋಣೆಯಲ್ಲಿ. ನಿವೃತ್ತನಾದರೂ ವಾರಕ್ಕೆ ಮೂರು ದಿನ ಹೋಗುತ್ತೇನೆ. ಯಾರೋ ದಾನ ಕೊಟ್ಟ ಹಳೆಯ ನಾಣ್ಯ ಪತ್ರಿಕೆಗಳ ಕಟ್ಟು ಬಂದಿತ್ತು. ಹೊಲಿಯುವ ಮೊದಲು ಓದಿಕೋ ಎಂದು ಅವನ ಮುಂದೆ ಹಾಕಿದೆ. ಅರ್ಧ ಗಂಟೆಯ ಮೇಲೆ ಅವನು ಎದ್ದು ನಿಂತಿದ್ದ. ಕನ್ನಡಕ ಹಣೆಯ ಮೇಲಿತ್ತು, ಮುಖ ಕೆಂಪಾಗಿತ್ತು.

ಪತ್ರಿಕೆಯಲ್ಲಿದ್ದದ್ದು ಇಷ್ಟು. ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸುತ್ತಾರೆ, ಹಿಟ್ಟಿನ ಹಾಳೆಯ ಮೇಲೆ ಬಟ್ಟಲು ಒತ್ತಿ ಕತ್ತರಿಸಿದ ಹಾಗೆ. ಪಟ್ಟಿ ಸಾಕಷ್ಟು ಮುಂದೆ ಸರಿಯದೇ ಹೋದರೆ ಹೊಸ ಬಿಲ್ಲೆ ಹಿಂದಿನ ತೂತಿನ ಮೇಲೆ ಸ್ವಲ್ಪ ಏರಿಬಿಡುತ್ತದೆ. ಆಗ ಬಿಲ್ಲೆ ಹುಟ್ಟುವಾಗಲೇ ಮುಕ್ಕಾಗಿರುತ್ತದೆ. ಇದು ಹುಟ್ಟಿನ ಮುಕ್ಕೋ ಆಮೇಲೆ ಯಾರೋ ಕತ್ತರಿಸಿದ್ದೋ ಎಂದು ತಿಳಿಯಲು ಒಂದು ಗುರುತಿದೆ. ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ ಎಬ್ಬಿಸುವಾಗ ಮುಕ್ಕಿನ ಕಡೆ ಆನಿಕೆ ಇರುವುದಿಲ್ಲ. ಹಾಗಾಗಿ ಅದರ ನೇರ ಎದುರಿನ ಅಂಚೂ ಸರಿಯಾಗಿ ಏಳದೆ ಮಸುಕಾಗಿ ಉಳಿಯುತ್ತದೆ. ಆಮೇಲೆ ಕತ್ತರಿಸಿದ ಕಾಸಿನಲ್ಲಿ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ.

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಅವನು ಮನೆಗೆ ಓಡಿದ. ಚಪ್ಪಲಿ ಕೈಯಲ್ಲಿ ಹಿಡಿದು ನಾನು ಹಿಂದೆ ಓಡಿದೆ. ಮನೆ ಮುಟ್ಟಿದಾಗ ಏನೂ ಬರೆಯದ ಆ ಲಕೋಟೆ ಹರಿದು ಬಿದ್ದಿತ್ತು, ಅವನು ಕಿಟಕಿಯ ಬೆಳಕಿಗೆ ಕಾಸನ್ನು ಹಿಡಿದಿದ್ದ. ಭೂತಗನ್ನಡಿಯನ್ನು ನನ್ನ ಕೈಗಿಟ್ಟ. ಮುಕ್ಕಿನ ನೇರ ಎದುರಿಗೆ, ಒಂದು ಅಕ್ಕಿಕಾಳಿನಷ್ಟು ಉದ್ದ, ಅಂಚು ಕರಗಿದಂತೆ ಮಸುಕಾಗಿತ್ತು.

"ಇದು ಹುಟ್ಟಿದ್ದೇ ಹೀಗೆ ಕಣೋ," ಅಂದ. "ನಾನೂ ಇಷ್ಟು ವರ್ಷ ಯಾರೋ ಕತ್ತರಿಸಿದ್ದೇ ಅಂದ್ಕೊಂಡಿದ್ದೆ."

ಅದೇ ಭಾನುವಾರ ಅವನು ಕಾಸನ್ನು ನಾಣ್ಯದಂಗಡಿಗೆ ಒಯ್ದ. ಭಾನುವಾರದ ಬೆಳಗ್ಗೆ ಐದಾರು ಹವ್ಯಾಸಿಗಳು ಅಲ್ಲಿ ಸೇರುತ್ತಾರೆ. ಅಂಗಡಿಯವರಿಗೆ ನಾವು ಇಟ್ಟ ಹೆಸರು ಫಳಫಳ. ಕನ್ನಡಿಯಂತೆ ಹೊಳೆಯದ ನಾಣ್ಯವನ್ನು ಅವರು ಕೈಯಲ್ಲಿ ಮುಟ್ಟುವುದಿಲ್ಲ. ತೂಕದಣ್ಣನ ಸಂಗ್ರಹಕ್ಕೆ ಅವರು ಇಟ್ಟ ಹೆಸರು ಧರ್ಮಾಸ್ಪತ್ರೆ.

ಕಾಸನ್ನು ಗ್ರೇಡಿಂಗಿಗೆ ಕಳಿಸುತ್ತೇನೆ ಎಂದು ಇವನು ಹೇಳಿದ್ದೇ ತಡ, ಅಂಗಡಿಯಲ್ಲಿ ನಗು ಎದ್ದಿತು. ಗ್ರೇಡಿಂಗ್ ಎಂದರೆ ದೂರದ ಊರಿನ ಪರಿಣತರ ಸಂಸ್ಥೆಗೆ ನಾಣ್ಯ ಕಳಿಸುವುದು. ಅವರು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಮಾಡಿ ಕಳಿಸುತ್ತಾರೆ. ಅದರ ಶುಲ್ಕಕ್ಕೆ ಒಂದು ಜೊತೆ ಒಳ್ಳೆಯ ಚಪ್ಪಲಿ ಬರುತ್ತದೆ. ಆ ಕಾಸಿಗೆ ಈಗ ಒಂದು ಗುಂಡುಸೂಜಿಯೂ ಬರುವುದಿಲ್ಲ.

ಫಳಫಳ ಅವರ ವಾದ ತಪ್ಪೇನಲ್ಲ, ಅದನ್ನು ನ್ಯಾಯವಾಗಿಯೇ ಬರೆಯುತ್ತೇನೆ. ಅಂಕ ಬೇಕಾಗುವುದು ಬೆಲೆ ಗೊತ್ತುಮಾಡಲು. ಅರವತ್ತನಾಲ್ಕಕ್ಕೂ ಅರವತ್ತೈದಕ್ಕೂ ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸ ಬರುವ ನಾಣ್ಯಕ್ಕೆ ಶುಲ್ಕ ಕೊಡುವುದು ಬುದ್ಧಿವಂತಿಕೆ. ಹಾನಿಯಾದ ನಾಣ್ಯಕ್ಕೆ ಅವರು ಅಂಕವನ್ನೇ ಕೊಡುವುದಿಲ್ಲ. ಹಾನಿಯಾಗಿದೆ ಎಂದು ಬರೆದು ವಾಪಸ್ ಕಳಿಸುತ್ತಾರೆ. ಹಾನಿಯಾಗಿದೆ ಎಂಬುದು ಕಣ್ಣಿದ್ದವರಿಗೆಲ್ಲ ಪುಕ್ಕಟೆ ಕಾಣುತ್ತದೆ, ಅದಕ್ಕೆ ದುಡ್ಡು ಯಾಕೆ ಕೊಡಬೇಕು?

"ಹೆತ್ತೋರಿಗೆ ಹೆಗ್ಗಣ ಮುದ್ದು, ಸರಿ ತೂಕದಣ್ಣ," ಅಂದರು. "ಆದ್ರೆ ಹೆಗ್ಗಣಕ್ಕೆ ಜಾತಕ ಬರೆಸೋಕೆ ಹೋಗ್ಬಾರದು."

ಇವನು ಬಿಡಲಿಲ್ಲ. ಉಳಿದ ಸಾವಿರದ ನೂರನ್ನು ಕಳಿಸುವ ಹುಚ್ಚು ತನಗೂ ಇಲ್ಲ, ಅವಕ್ಕೆ ಏನಾಗಿದೆ ಎಂದು ತನಗೇ ಗೊತ್ತು ಎಂದ. ಈ ಒಂದಕ್ಕೆ ಏನಾಗಿದೆ ಎಂದು ತಾನು ಹೇಳಿದರೆ ನಂಬುವವರಿಲ್ಲ. ತನ್ನನ್ನು ಕಂಡರಿಯದವರು, ತನ್ನ ಮೇಲೆ ಪ್ರೀತಿಯೂ ಕೋಪವೂ ಇಲ್ಲದವರು ಒಂದು ಸಲ ಸರಿಯಾಗಿ ನೋಡಿ ಹೇಳಲಿ. ಬೆಲೆ ಯಾರು ಕೇಳಿದರು?

ಕಡೆಗೆ ಪಂದ್ಯವಾಯಿತು. ಟಂಕಸಾಲೆಯ ದೋಷ ಎಂದು ಬಂದರೆ ಫಳಫಳ ಅವರೇ ಇವನಿಗೆ ಹೊಸ ಚಪ್ಪಲಿ ಕೊಡಿಸಬೇಕು. ಇವನ ಕಾಲಿನ ಚಪ್ಪಲಿಗೆ ಅಷ್ಟು ಹೊತ್ತಿಗೆ ಮೂರು ಸಲ ಉಂಗುಷ್ಠ ಹಾಕಿಸಿ ಆಗಿತ್ತು. ಮನೆಯಲ್ಲಿ ಅತ್ತಿಗೆ ಸುದ್ದಿ ಕೇಳಿ ಹೊಲಿಗೆ ನಿಲ್ಲಿಸದೆಯೇ ಹೇಳಿದರು, "ಕಾಲಲ್ಲಿ ಚಪ್ಪಲಿ ಹರಿದಿದೆ, ಇವರು ಕಾಸಿಗೆ ಗಾಜಿನ ಮನೆ ಕಟ್ಟಿಸ್ತಾರಂತೆ." ಆಮೇಲೆ ತಮ್ಮ ಡಬ್ಬಿಯಿಂದಲೇ ಶುಲ್ಕದ ಅರ್ಧ ತೆಗೆದು ಕೊಟ್ಟರು. ಗೇಟಿನ ಚೀಲದ ಹತ್ತೊಂಬತ್ತು ವರ್ಷ ಅವರಿಗೂ ಗೊತ್ತಿತ್ತು. ಆ ಚೀಲಕ್ಕೆ ಪ್ರತಿ ವರ್ಷ ಹೊಸ ಹಿಡಿ ಹೊಲಿದವರು ಅವರೇ.

ಸಂಸ್ಥೆಯಿಂದ ಅರ್ಜಿ ನಮೂನೆ ಬಂತು. ಎರಡು ಪುಟ. ನನ್ನ ಮೇಜಿನಲ್ಲಿ ಕೂತು ಒಂದೇ ಉಸಿರಿಗೆ ತುಂಬುತ್ತಾ ಹೋದವನು ಎರಡನೆಯ ಪುಟದಲ್ಲಿ ನಿಂತ. ಅಲ್ಲಿ ಒಂದು ಪ್ರಶ್ನೆ ಇತ್ತು: ನಿಮಗೆ ತಿಳಿದಂತೆ ಈ ನಾಣ್ಯವನ್ನು ಯಾರಾದರೂ ಉಜ್ಜಿದ್ದಾರೆಯೇ, ತಿದ್ದಿದ್ದಾರೆಯೇ, ಅರ ಹಾಕಿದ್ದಾರೆಯೇ?

ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋದ. ಮೂರು ವಾರ ಆ ಅರ್ಜಿ ನನ್ನ ಮೇಜಿನ ಮೇಲೆ ಒತ್ತುಕಲ್ಲಿನ ಅಡಿಯಲ್ಲಿ ಬಿದ್ದಿತ್ತು. ದಿನಾ ಬರುತ್ತಿದ್ದ, ನೋಡುತ್ತಿದ್ದ, ಹೋಗುತ್ತಿದ್ದ. ನಾನು ಕೇಳಲಿಲ್ಲ. ಇಪ್ಪತ್ತೆರಡನೆಯ ದಿನ ಅವನೇ ಬಾಯಿಬಿಟ್ಟ.

ಅರ ಹಾಕಿದ್ದು ಅವನೇ.

ಯಂತ್ರದಿಂದ ಕಾಸನ್ನು ತೆಗೆದಾಗ ಮುಕ್ಕಿನ ಎರಡು ತುದಿಗಳು ಬ್ಲೇಡಿನಂತೆ ಚೂಪಾಗಿದ್ದವು, ಬೆರಳು ಕೊಯ್ದಿತು. ಚೀಲದಿಂದ ಸಣ್ಣ ಅರ ತೆಗೆದು ಒಂದು ತುದಿಗೆ ಒಂದು ಎಳೆತ, ಇನ್ನೊಂದಕ್ಕೆ ಒಂದು ಎಳೆತ ಹಾಕಿದ. ಯೋಚಿಸಿ ಮಾಡಿದ್ದಲ್ಲ. ಚೂಪಾದ ಅಂಚು ಕಂಡರೆ ಅರ ಹಾಕುವುದು ಆ ಕೆಲಸದವರ ಕೈಗೆ ಉಸಿರಾಟದಷ್ಟೇ ಸಹಜ. ಮುಕ್ಕು ಮೊದಲೇ ಇತ್ತು, ಅವನು ತೆಗೆದದ್ದು ಅದರ ಮೊನೆಯನ್ನಷ್ಟೇ. ಅದಾದ ಹತ್ತು ನಿಮಿಷಕ್ಕೆ ಅದೇ ಕಾಸನ್ನು ಸೂಪರ್‌ವೈಸರನ ಕೈಗೆ ಕೊಟ್ಟ.

"ಆವತ್ತೇ ಹೇಳ್ಬಹುದಿತ್ತಲ್ಲ," ಅಂದೆ.

ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆಯಂತೆ: ಇದನ್ನು ಮುಕ್ಕು ಮಾಡಿ ಅರ ಹಾಕಿದ್ದು ನೀನೇನಾ? ಹೌದು ಎಂದರೆ ಕಳ್ಳನಾಗುತ್ತಿದ್ದ, ಅಲ್ಲ ಎಂದರೆ ಸುಳ್ಳಾಗುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಹುಡುಗ ಎರಡಕ್ಕೂ ನಾಲಗೆ ಏಳದೆ ಸುಮ್ಮನೆ ನಿಂತ. ಅವನ ಮೌನವನ್ನೇ ಆತ ಒಪ್ಪಿಗೆ ಎಂದು ಬರೆದುಕೊಂಡ. ಆಮೇಲೆ ಹೇಳಿದರೆ ನೆಪ ಅನ್ನುತ್ತಾರೆ ಎಂದು ಹೆಂಡತಿಗೂ ಹೇಳಿರಲಿಲ್ಲ.

ಕಡೆಗೂ ಆ ಪ್ರಶ್ನೆಯ ಮುಂದೆ ಅವನು ಏನೂ ಬರೆಯಲಿಲ್ಲ. ನನಗೆ ಆಶ್ಚರ್ಯವಾಯಿತು. ಅವನ ಲೆಕ್ಕಾಚಾರ ಬೇರೆ ಇತ್ತು. ತಾನು ಹೇಳಿಕೊಟ್ಟರೆ ಅವರು ತನ್ನ ಮಾತನ್ನೇ ತನಗೆ ಓದಿ ಹೇಳಿದಂತಾಗುತ್ತದೆ. ನಿಜವಾಗಿ ನೋಡುವ ಕಣ್ಣಾದರೆ ಎರಡನ್ನೂ ಅವರೇ ಕಾಣಬೇಕು, ಮುಕ್ಕು ಎಲ್ಲಿಯದು, ಅರ ಎಲ್ಲಿಯದು ಎಂದು ಬೇರೆ ಬೇರೆ ಮಾಡಿ. ನಲವತ್ತೊಂದು ವರ್ಷದಲ್ಲಿ ಅರದ ಗೆರೆಗಳೂ ಮಾಸಿ ಹೋಗಿದ್ದವು. ನನ್ನ ಕಣ್ಣಿಗಂತೂ ಕಾಣಲಿಲ್ಲ.

"ಅವರ ಕಣ್ಣಿಗೂ ಅರ ಬೀಳದೇ ಹೋದ್ರೆ?" ಎಂದು ಕೇಳಿದೆ.

"ಆಗ ನನ್ನ ಅರ ಮುಚ್ಚಿಹೋಗಿ ನಾನು ಪೂರ್ತಿ ಗೆದ್ದಂಗೆ," ಅಂದ. "ಅದಕ್ಕೇ ಕಣೋ ಹೆದರಿಕೆ."

ಕಾಸು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಅದು ವಾಪಸ್ ಬರಲು ನಲವತ್ತೇಳು ದಿನ ಹಿಡಿಯಿತು. ಆ ನಲವತ್ತೇಳು ದಿನ ಅವನು ನೆಲದ ಮೇಲೆ ಕಾಲಿಡಲಿಲ್ಲ. ತಕ್ಕಡಿ ರಿಪೇರಿಗೆ ಹೋದ ಅಂಗಡಿಗಳಲ್ಲೆಲ್ಲ ಗಿರಾಕಿಗಳ ಚಿಲ್ಲರೆ ಇಸಿದುಕೊಂಡು ಎದುರಿನ ಅಂಚು ಹೇಗಿರುತ್ತದೆ ಎಂದು ಪಾಠ ಮಾಡುತ್ತಿದ್ದ. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಇವನು ಈ ತುದಿಯಿಂದ ಹೊರಡುತ್ತಿದ್ದ. ಹದಿನೈದನೆಯ ದಿನಕ್ಕೆ ಅಂಚೆಯವನೇ, ಕಾಗದ ಬಂದರೆ ತಾನೇ ಓಡಿಬರುತ್ತೇನೆ, ಮೊದಲು ದಾರಿ ಬಿಡಿ ಎಂದು ಕೈಮುಗಿದ. ಮನೆಯ ಯಂತ್ರ ಹತ್ತಿ ನೋಡಿದರೆ ಎರಡು ಕೆ.ಜಿ. ಇಳಿದಿದ್ದ. ಊಟದ ಮಧ್ಯೆ ಎದ್ದು ಪತ್ರಿಕೆ ಓದಿದರೆ ಇನ್ನೇನಾಗುತ್ತದೆ ಎಂದು ಅತ್ತಿಗೆ ಗೊಣಗಿದರು, ಆದರೆ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿದರೆ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸುತ್ತಿದ್ದವರೂ ಅವರೇ.

ನಲವತ್ತೇಳನೆಯ ದಿನ, ಬೆಳಗ್ಗೆ ಹನ್ನೊಂದಕ್ಕೆ, ಬಿಚ್ಚದ ಪೊಟ್ಟಣ ಹಿಡಿದು ಬೈಂಡಿಂಗ್ ಕೋಣೆಗೆ ನುಗ್ಗಿದ. ಹಿಂದೆಯೇ ಅತ್ತಿಗೆ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದ, ನಾನೇ ಚಾಕುವಿನಿಂದ ಕತ್ತರಿಸಿದೆ. ಒಳಗೆ ಅಂಗೈಯಗಲದ ಪಾರದರ್ಶಕ ಪೆಟ್ಟಿಗೆ. ಅದರ ನಡುವೆ, ರಾಜಮರ್ಯಾದೆಯಲ್ಲಿ, ಆ ಬಡಪಾಯಿ ಕಾಸು. ಮೇಲೆ ಚೀಟಿ. ಗಟ್ಟಿಯಾಗಿ ಓದು ಎಂದ. ಓದಿದೆ.

ಮೊದಲ ಸಾಲು: ಟಂಕಸಾಲೆಯಲ್ಲಾದ ಮುಕ್ಕು, ಅಪ್ಪಟ. ಎರಡನೆಯ ಸಾಲು: ಮುಕ್ಕಿನ ತುದಿಗಳಿಗೆ ಅರ ಹಾಕಿದೆ. ಮೂರನೆಯದು: ಅಂಕ ಇಲ್ಲ.

ಅತ್ತಿಗೆ ಎರಡನೆಯ ಸಾಲು ಕೇಳಿ ಗಂಡನ ಮುಖ ನೋಡಿದರು. ನಾನೂ ನೋಡಿದೆ. ಕುಸಿದು ಕೂರುತ್ತಾನೆ ಎಂದುಕೊಂಡಿದ್ದೆ. ಅವನು ಮೇಜಿನ ಮೇಲೆ ಎರಡೂ ಕೈ ಬಡಿದು, ಅಂಟಿನ ಡಬ್ಬಿ ಉರುಳಿಸಿ, ಕೋಣೆಯ ತುಂಬ ಸುತ್ತಿದ.

"ಎರಡು ಎಳೆತ ಕಣೋ. ಎರಡೇ ಎರಡು. ನಲವತ್ತೊಂದು ವರ್ಷ ಆದ್ಮೇಲೂ ಕಂಡುಹಿಡಿದ್ರಲ್ಲ."

ಆಮೇಲೆ ಅಲ್ಲೇ, ಪುಸ್ತಕಗಳ ರಾಶಿಯ ನಡುವೆ ನಿಂತು, ಹೆಂಡತಿಗೆ ಅರದ ವಿಷಯ ಹೇಳಿದ. ಅತ್ತಿಗೆ ಉರುಳಿದ್ದ ಅಂಟಿನ ಡಬ್ಬಿಯನ್ನು ಎತ್ತಿ ನೆಟ್ಟಗೆ ಇಟ್ಟರು. ಬಳಿಕ, "ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಿತ್ತಾ?" ಎಂದು ಅಳತೆಪಟ್ಟಿಯ ತುದಿಯಿಂದ ಅವನ ಬೆನ್ನಿಗೆ ಒಂದು ಕೊಟ್ಟರು. ಕಣ್ಣು ಒರೆಸಿಕೊಂಡದ್ದೂ ಅದರಲ್ಲೇ.

ಭಾನುವಾರ ಅಂಗಡಿಯಲ್ಲಿ ಫಳಫಳ ಅವರು ಚೀಟಿಯನ್ನು ಮೂರು ಸಲ ಓದಿದರು. ಇವನು ಗೆದ್ದಿರುವುದು ಅರ್ಧ ಮಾತ್ರ, ಆದ್ದರಿಂದ ಒಂದೇ ಕಾಲಿಗೆ ಚಪ್ಪಲಿ ಎಂದು ತೀರ್ಪು ಕೊಟ್ಟರು. ಎಲ್ಲರೂ ನಕ್ಕ ಮೇಲೆ ಜೊತೆಯನ್ನೇ ತರಿಸಿದರು. ಆಮೇಲೆ ಸ್ವರ ತಗ್ಗಿಸಿ ಆ ಕಾಸಿಗೆ ಒಂದು ಬೆಲೆ ಹೇಳಿದರು, ಅದು ಚಪ್ಪಲಿ, ಶುಲ್ಕ ಎರಡನ್ನೂ ಸೇರಿಸಿದ್ದಕ್ಕಿಂತ ಹೆಚ್ಚಿತ್ತು. ಇವನು ಕಾಸನ್ನು ಜೇಬಿಗೆ ಹಾಕಿ, ಹೆಗ್ಗಣವನ್ನು ಹೆತ್ತವರು ಮಾರುವುದಿಲ್ಲ ಎಂದ.

ಸೋಮವಾರ ಬೆಳಗ್ಗೆ ಹೊಸ ಚಪ್ಪಲಿ ಹಾಕಿಕೊಂಡು ನನ್ನನ್ನು ಕರೆಯಲು ಬಂದ. ಹೆಗಲಲ್ಲಿ ಹಳೆಯ ಚೀಲವಿತ್ತು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಸೂಪರ್‌ವೈಸರಿಗೆ ಈಗ ಎಂಬತ್ತಾರು. ಔಷಧಿ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ ಮಗಳ ಜೊತೆ ಇದ್ದಾರೆ. ಬಾಗಿಲು ತೆರೆದ ಮಗಳು ಯಾರು ಎಂದು ಕೇಳಿದರು. ಇವನು ಕಂಪನಿಯ ಹೆಸರು ಹೇಳಿದ. ಒಳಗಿನಿಂದ, ಕಿಟಕಿಯ ಪಕ್ಕದ ಕುರ್ಚಿಯಿಂದ, ಮುದುಕರು ನಮ್ಮ ಕಡೆ ತಿರುಗಿದರು. ಕಣ್ಣು ಅಷ್ಟಾಗಿ ಕಾಣುವುದಿಲ್ಲವೆಂದು ತಿಳಿಯಿತು. ಆದರೂ ಆ ಸ್ವರದ ಗುರುತು ಸಿಕ್ಕಿರಬೇಕು, ಕೈಗಳು ಕುರ್ಚಿಯ ತೋಳನ್ನು ಹಿಡಿದವು.

ತೂಕದಣ್ಣ ನಮಸ್ಕಾರ ಹೇಳಿ, ಅವರ ಮುಂದಿನ ಮೇಜಿನ ಮೇಲೆ ಚೀಲವನ್ನಿಟ್ಟು, ಬಿಚ್ಚಿ, ಸಾಮಾನುಗಳನ್ನು ಒಂದೊಂದಾಗಿ ತೆಗೆದಿಟ್ಟ. ಇಕ್ಕಳ. ಎರಡು ಸ್ಕ್ರೂಡ್ರೈವರ್. ಎಣ್ಣೆ ಕುಪ್ಪಿ. ಬ್ರಶ್ಶು. ಸಣ್ಣ ಅರ. ತಕ್ಕಡಿ ಪರೀಕ್ಷೆಗೆ ಇಟ್ಟುಕೊಂಡಿದ್ದ ಅರ್ಧ ಕೆ.ಜಿ.ಯ ಹಿತ್ತಾಳೆ ಬಟ್ಟು. ಗೇಟಿನಲ್ಲಿ ಹತ್ತೊಂಬತ್ತು ವರ್ಷ ಸುರಿಯುತ್ತಿದ್ದದ್ದು ಅವರು, ಆವತ್ತು ತೆಗೆದಿಟ್ಟವನು ಇವನು. ಎಲ್ಲಕ್ಕಿಂತ ಕೊನೆಗೆ ಕಾಸಿನ ಪೆಟ್ಟಿಗೆ. ಅದರ ಚೀಟಿ ಓದುವಂತೆ ಮಗಳನ್ನು ಕೇಳಿಕೊಂಡ. ಆಕೆಗೆ ತಲೆಬುಡ ತಿಳಿಯಲಿಲ್ಲ, ಆದರೂ ಓದಿದರು. ಮುದುಕರು ಮೊದಲ ಸಾಲನ್ನು ಮತ್ತೊಮ್ಮೆ ಓದಿಸಿದರು. ಎದುರಿನ ಅಂಚಿನ ಗುರುತನ್ನು ಇವನು ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಅವನ ಸ್ವರದಲ್ಲಿ ಮತ್ತೆ ಆ ಹುರುಪು ಬಂತು, ದೂರು ಹೇಳಲು ಬಂದವನೆಂದು ಯಾರೂ ಅನ್ನುವಂತಿರಲಿಲ್ಲ.

"ಅರ ನಾನು ಕಂಡಿದ್ದೆ," ಅಂದರು ಮುದುಕರು.

"ಹೌದು ಸರ್. ಅರ ನಂದೇ. ಮುಕ್ಕು ನಂದಲ್ಲ."

"ಆವತ್ತು ಯಾಕೆ ಬಾಯಿ ಬಿಡಲಿಲ್ಲ?"

"ನೀವು ಎರಡನ್ನೂ ಸೇರಿಸಿ ಕೇಳಿದ್ರಿ, ಸರ್."

ಮುದುಕರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ಒಳಗಿನ ಕಾಸು ಸಿಗುತ್ತದೇನೋ ಎಂಬಂತೆ ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳು ಆಡಿಸಿದರು. ತುಂಬ ಹೊತ್ತು ಆಡಿಸಿದರು. ಕೆಳಗೆ ಔಷಧಿ ಅಂಗಡಿಯ ಬಾಗಿಲು ಎರಡು ಮೂರು ಸಲ ತೆರೆದು ಮುಚ್ಚಿದ ಸದ್ದು ಬಂತು.

"ಯಾವ ಅಂಚೂ ಕೈ ಕೊಯ್ಯಬಾರದು, ಕಂಡ ಕೂಡ್ಲೇ ಅರ ಹಾಕು ಅಂತ ನಿನಗೆ ಹೇಳಿಕೊಟ್ಟವನು ನಾನೇ ಅಲ್ವೇನಯ್ಯ," ಅಂದರು.

ಕ್ಷಮಿಸು ಎನ್ನಲಿಲ್ಲ. ಪೆಟ್ಟಿಗೆಯನ್ನು ಇವನ ಕೈಗೆ ಕೊಟ್ಟು, ಮುಂದಕ್ಕೆ ಬಾಗಿ, ಕೈಯಿಂದ ಮೇಜನ್ನು ತಡವಿ, ಇಕ್ಕಳವನ್ನು ಹುಡುಕಿ ಚೀಲಕ್ಕೆ ಹಾಕಿದರು. ಮಗಳು ಸಹಾಯಕ್ಕೆ ಬಂದರೆ ಬೇಡವೆಂದರು. ಸ್ಕ್ರೂಡ್ರೈವರ್, ಕುಪ್ಪಿ, ಬ್ರಶ್ಶು, ಒಂದೊಂದನ್ನೂ ತಾವೇ ತುಂಬಿದರು. ಅರವನ್ನು ಹಾಕುವ ಮೊದಲು ಅಂಗಿಯ ತುದಿಯಿಂದ ಒರೆಸಿದರು. ಎಲ್ಲಕ್ಕೂ ಕೊನೆಗೆ ಹಿತ್ತಾಳೆಯ ಬಟ್ಟು, ಅದು ಭಾರ, ಎರಡೂ ಕೈಯಲ್ಲಿ ಎತ್ತಿದರು. ಚೀಲದ ಬಕಲ್ ಮಾತ್ರ ಅವರಿಂದ ಹಾಕಲಾಗಲಿಲ್ಲ, ಅದನ್ನು ತೂಕದಣ್ಣ ಹಾಕಿಕೊಂಡ.

ಮೆಟ್ಟಿಲು ಇಳಿಯುವಾಗ ಅವನು ಎರಡೆರಡು ಮೆಟ್ಟಿಲು ಇಳಿಯುತ್ತಿದ್ದ. ನಿಧಾನ ಎಂದು ಹಿಂದಿನಿಂದ ನಾನು ಕೂಗಿದೆ.

ಮಂಗಳವಾರ ಬೆಳಗಿನದನ್ನು ಅತ್ತಿಗೆ ಹೇಳಿದರು. ಅವನು ಬೇಗ ಎದ್ದು ಮೇಜಿಗೆ ಕೂತ. ಆ ಕಾಸಿಗೆ ಲಕೋಟೆ ಆಗಬೇಕಿತ್ತು, ಆದರೆ ಪೆಟ್ಟಿಗೆ ದಪ್ಪ, ಅವನ ಯಾವ ಲಕೋಟೆಗೂ ಹಿಡಿಸಲಿಲ್ಲ. ಗಾಜಿನ ಮನೆ ಕಟ್ಟಿಸಿದ ಮೇಲೆ ಬೀದಿ ಸಾಲುವುದಿಲ್ಲ ಎಂದು ಅತ್ತಿಗೆ ನಗಾಡಿದರು. ಅವನು ಎರಡು ಲಕೋಟೆಗಳ ಪಕ್ಕ ಬಿಡಿಸಿ, ಒಂದಕ್ಕೊಂದು ಜೋಡಿಸಿ ದೊಡ್ಡದು ಮಾಡಿದ. ಅಂಟಿಸುವ ಮೊದಲು, ಕಾಗದ ಚಪ್ಪಟೆ ಇರುವಾಗಲೇ, ಅದರ ಮೇಲೆ ಬರೆದ. ಅದು ಈಗ ನನ್ನ ಮುಂದಿದೆ: "ಮುಕ್ಕು ಟಂಕಸಾಲೆಯದು. ಅರ ನನ್ನದು. ಚೂಪಾಗಿತ್ತು."

ಆಮೇಲೆ ಪೆಟ್ಟಿಗೆಯನ್ನು ಒಳಗೆ ಜಾರಿಸಿ, ಮಡಿಕೆಗೆ ಗೋಂದು ಹಚ್ಚಿ ಮುಚ್ಚಿದ. ಮಧ್ಯಾಹ್ನವಾಗಿತ್ತು, ಅತ್ತಿಗೆ ಊಟಕ್ಕೆ ಕರೆದರು. ಗೋಂದು ಹಿಡಿದುಕೊಳ್ಳಲಿ, ಬಂದೆ ಎಂದ. ಚೀಲದ ಬಕಲ್ ಬಿಚ್ಚಿ, ಮೇಲೆಯೇ ಇದ್ದ ಹಿತ್ತಾಳೆಯ ಬಟ್ಟನ್ನು ತೆಗೆದು ಲಕೋಟೆಯ ಮಡಿಕೆಯ ಮೇಲಿಟ್ಟ. ಅದು ಸರಿಯಾಗಿ ನಡುವಿಗೆ ಬರುವಂತೆ ಒಂದು ಬೆರಳಿನಿಂದ ಸ್ವಲ್ಪ ಸರಿಸಿದ.